ನೀರು ಬಿಟ್ಟ ಮಧ್ಯಾಹ್ನ

ಆ ಬಾವಿಯ ಆಳವನ್ನು ಗಾಳಿಯಿಂದ ಅಳೆದಿದ್ದರು. ತಮಾಷೆಗೆ ಹೇಳುತ್ತಿಲ್ಲ. ಹಳೆಯ ಕಾಗದಗಳಲ್ಲಿ ಎರಡು ಸಾವಿರದ ನೂರು ಚಿಲ್ಲರೆ ಮೀಟರ್ ಎಂದು ಬರೆದಿತ್ತಲ್ಲ, ಅದರ ಸೊನ್ನೆ ಇದ್ದದ್ದು ನೆಲದಲ್ಲಲ್ಲ. ನೆಲದಿಂದ ಐದು ಮೀಟರ್ ಮೇಲೆ, ಅಂದು ಬಾವಿ ಕೊರೆದ ರಿಗ್‌ನ ಅಟ್ಟಣಿಗೆಯಲ್ಲಿ. ಆ ರಿಗ್ ಅಲ್ಲಿಂದ ಹೋಗಿ ಹೆಚ್ಚುಕಡಿಮೆ ನನ್ನ ವಯಸ್ಸಿನಷ್ಟು ವರ್ಷಗಳಾಗಿದ್ದವು. ಆದರೂ ನಾವು ಪ್ರತಿಯೊಂದು ಅಳತೆಯನ್ನೂ ಇಲ್ಲದ ಆ ಅಟ್ಟಣಿಗೆಯಿಂದಲೇ ಶುರು ಮಾಡುತ್ತಿದ್ದೆವು. ಬೆಳಗಿನ ಮಂಜಿನಲ್ಲಿ ಹುಲ್ಲುಗಾವಲಿನ ನಡುವೆ ನಿಂತು ತಲೆಯೆತ್ತಿದರೆ, ಮೇಲೆ ಯಾರೋ ಇನ್ನೂ ನಿಂತಿದ್ದಾರೆ, ಕೆಳಗಿಳಿಯುವುದನ್ನು ಮರೆತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಹೆಂಡತಿಗೆ ಹೇಳಿದಾಗ ನಿದ್ದೆ ಸಾಲುತ್ತಿಲ್ಲ ನಿಮಗೆ ಎಂದಳು.

ಜಾಗ ಮೆಲ್ಬರ್ನ್‌ನಿಂದ ಪೂರ್ವಕ್ಕೆ ಎರಡೂವರೆ ಗಂಟೆಯ ದಾರಿ. ಒಂದು ಕಾಲದಲ್ಲಿ ಅಲ್ಲಿ ಗ್ಯಾಸ್ ಹುಡುಕಿದ್ದರು, ಸಿಗಲಿಲ್ಲ. ಕೊರೆದವರು ಬಾವಿಯೊಳಗೆ ಮೂರು ಕಡೆ ಸಿಮೆಂಟಿನ ಬಿರಡೆ ಹಾಕಿ, ಮೇಲೊಂದು ಉಕ್ಕಿನ ತಟ್ಟೆ ಬೆಸೆದು ಹೊರಟುಹೋಗಿದ್ದರು. ಹೋಗುವ ಮುನ್ನ ಯಾರೋ ಪುಣ್ಯಾತ್ಮ ಕಾಗದದ ಅಂಚಿನಲ್ಲಿ ‘ತಳ ಬಿಸಿ’ ಎಂದು ಪೆನ್ಸಿಲಿನಲ್ಲಿ ಗೀಚಿದ್ದ. ಗ್ಯಾಸ್ ಹುಡುಕುವವರಿಗೆ ಆ ಬಿಸಿ ಬರೀ ಕಿರಿಕಿರಿ. ನಮಗೆ ಬೇಕಾಗಿದ್ದದ್ದು ಅದೊಂದೇ.

ನಾವು ಮಾಡಹೊರಟಿದ್ದನ್ನು ಹೇಳುವುದು ಸುಲಭ. ತಣ್ಣೀರನ್ನು ಬಾವಿಯೊಳಗೆ ಇಳಿಸಬೇಕು. ಅದು ತಳದ ಕಲ್ಲಿನ ಕಾವನ್ನು ಹೀರಿಕೊಳ್ಳಬೇಕು. ಅದೇ ನೀರನ್ನು ನಡುವಿನ ಸಣ್ಣ ಕೊಳವೆಯಲ್ಲಿ ಮೇಲೆ ತಂದು, ಅದರ ಬಿಸಿಯನ್ನು ಉಪಯೋಗಿಸಿಕೊಂಡು, ಮತ್ತೆ ಕೆಳಗೆ ಕಳಿಸಬೇಕು. ನೀರು ಕಲ್ಲನ್ನು ಮುಟ್ಟುವುದೂ ಇಲ್ಲ. ನಡುವೆ ಕೇಸಿಂಗ್ ಎನ್ನುವ ಉಕ್ಕಿನ ಹೊರಕೊಳವೆ ಇದೆ, ಅದರಾಚೆ ಸಿಮೆಂಟು. ಇದಕ್ಕೆ ತಳದಲ್ಲಿ ಕನಿಷ್ಠ ಎಂಬತ್ತು ಡಿಗ್ರಿ ಇರಬೇಕಿತ್ತು. ಅದಕ್ಕಿಂತ ಕಡಿಮೆಯಾದರೆ ಬಾವಿಯನ್ನು ಶಾಶ್ವತವಾಗಿ ಸಿಮೆಂಟು ತುಂಬಿ ಮುಚ್ಚಬೇಕು. ಒಮ್ಮೆ ತೆರೆದ ಬಾವಿಯನ್ನು ಸುಮ್ಮನೆ ಬಾಯ್ದೆರೆದು ಇಡಲು ಇಲ್ಲಿಯ ಕಾನೂನು ಒಪ್ಪುವುದಿಲ್ಲ.

ಆ ಬಿಸಿ ಯಾರಿಗಾಗಿ ಎಂದರೆ, ಬಾವಿ ಇದ್ದ ಜಮೀನಿನ ಒಡತಿಗಾಗಿ. ಅರವತ್ತರ ಹತ್ತಿರದ ಹೆಂಗಸು. ಗಾಜಿನಮನೆಗಳಲ್ಲಿ ಟೊಮೆಟೊ, ದೊಣ್ಣೆಮೆಣಸಿನಕಾಯಿ ಸಸಿ ಬೆಳೆಸಿ ಸುತ್ತಲಿನ ತೋಟಗಳಿಗೆ ಕೊಡುವವರು. ಮೂರು ಗಾಜಿನಮನೆಗಳಲ್ಲಿ ಎರಡನ್ನು ಆಗಲೇ ಮುಚ್ಚಿದ್ದರು. ಉಳಿದ ಒಂದರ ಗ್ಯಾಸ್ ಬಾಯ್ಲರ್ ಆ ಚಳಿಗಾಲದ ಶುರುವಿನಲ್ಲಿ ಕೆಟ್ಟು ಕೂತಿತ್ತು. ಬಾವಿ ಬಿಸಿಯಾಗಿದ್ದರೆ ವಸಂತಕ್ಕೆ ಸಸಿ, ಇಲ್ಲದಿದ್ದರೆ ಅದನ್ನೂ ಮುಚ್ಚುವುದು ಎಂದು ಅವರು ಮೊದಲ ದಿನವೇ ನನಗೆ ಹೇಳಿಬಿಟ್ಟಿದ್ದರು. ಹೇಳುವಾಗ ಅವರ ಕೈ ತಣ್ಣಗಿದ್ದ ಪೈಪಿನ ಮೇಲಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ರಿಗ್ ಬಂತು. ಮೂರು ಬಿರಡೆಗಳನ್ನೂ ಕೊರೆದೆವು. ಕೇಸಿಂಗ್ ಸೋರುತ್ತಿಲ್ಲ ಎಂದು ಒತ್ತಡ ಹಾಕಿ ನೋಡಿದೆವು. ಅದರ ಹಿಂದಿನ ಸಿಮೆಂಟು ಹಿಡಿದುಕೊಂಡಿದೆಯೋ ಇಲ್ಲವೋ ಎಂದು ಧ್ವನಿ ಕಳಿಸಿ ಕೇಳಿದೆವು. ಗೋಡೆ ತಟ್ಟಿ ಟೊಳ್ಳು ಹುಡುಕಿದ ಹಾಗೆ. ಎಲ್ಲ ಗಟ್ಟಿಯಾಗಿತ್ತು. ಒಳಗೆ ಸಣ್ಣ ಕೊಳವೆ ಇಳಿಸಿ, ಬಾವಿ ತುಂಬ ನೀರು ನಿಲ್ಲಿಸಿ, ಮಂಗಳವಾರ ಎಲ್ಲ ಯಂತ್ರಗಳನ್ನೂ ಆರಿಸಿದೆವು. ಇನ್ನು ಆರು ದಿನ ಯಾರೂ ಏನೂ ಮಾಡಬಾರದು. ಕೊರೆಯುವಾಗ ತಣ್ಣಗಾದ ಬಾವಿ ಮತ್ತೆ ಸುತ್ತಲಿನ ಕಲ್ಲಿನಷ್ಟೇ ಬಿಸಿಯಾಗಬೇಕು. ಸೋಮವಾರ ತಾಪಮಾಪಕ ಇಳಿಸುವುದು. ಅದು ಸರಿ ಬಂದರೆ ಆಮೇಲೆ ಇಪ್ಪತ್ತು ಗಂಟೆ ನೀರು ಸುತ್ತಿಸಿ ಪರೀಕ್ಷೆ ಮಾಡುವುದು. ಇದು ಪ್ಲಾನ್.

ಅಳತೆಯ ಕೆಲಸ ವಹಿಸಿಕೊಂಡ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ತುಮಕೂರಿನ ಹೆಣ್ಣುಮಗಳು. ಇಲ್ಲಿಗೆ ಓದಲು ಬಂದು, ಪಿಆರ್ ಸಿಕ್ಕಿ ಇಲ್ಲೇ ನೆಲೆಸಿ, ಮೂವತ್ತು ದಾಟಿದ್ದವಳು. ಬಾವಿಯ ಹೊಣೆ ಹೊತ್ತಿದ್ದ ನಾನು ಧಾರವಾಡದವನು. ಇಡೀ ಸೈಟಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ‘ಹೌದಲ್ಲೋ’ ಕೇಳಿ ಅವಳು ನಗುತ್ತಿದ್ದಳು, ಅವಳ ‘ಬಂದ್ಬಿಟ್ಟು ಹೋಗ್ಬಿಟ್ಟು’ ಕೇಳಿ ನಾನು. ಆ ಬಯಲಿನಲ್ಲಿ ಕನ್ನಡದಲ್ಲಿ ಕೆಲಸ ಮಾಡುವುದು ನನಗೆ ಎಷ್ಟು ಹಿತವಾಗಿತ್ತೆಂದರೆ, ಅದರಲ್ಲಿ ಏನಾದರೂ ಅಪಾಯ ಇರಬಹುದು ಎಂದು ಹೊಳೆಯಲೇ ಇಲ್ಲ.

ಶನಿವಾರ ಮಧ್ಯಾಹ್ನ ನಾನು ಮೆಲ್ಬರ್ನ್‌ನ ಬಾಕ್ಸ್ ಹಿಲ್ ಸ್ಟೇಷನ್ನಿನ ಹತ್ತಿರ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದೆ. ಸೈಟಿನಿಂದ ಅವಳ ಫೋನ್ ಬಂತು.

“ಸರ್, ನೀರಿನ ಟ್ಯಾಂಕರ್ ಇವತ್ತೇ ಬಂದ್ಬಿಟ್ಟಿದೆ. ಟೆಸ್ಟ್ ವಾಟರು. ಏನ್ ಮಾಡ್ಲಿ?”

ಬಸ್ಸೊಂದು ಹಾದುಹೋಯಿತು. ಟ್ಯಾಂಕರ್ ಮೂರು ದಿನ ಮೊದಲೇ ಬಂದಿದ್ದರೆ ಬರಲಿ, ಪಕ್ಕದ ತೊಟ್ಟಿಗೆ ಖಾಲಿ ಮಾಡಿಕೊಂಡು ಹೋಗುತ್ತಾನೆ, ಅದರ ಚಿಂತೆ ಈಗೇಕೆ ಎಂದುಕೊಂಡು ಹೇಳಿದೆ: “ನೀರೇನು, ಈಗ ಬಿಡವಾ. ಆಮ್ಯಾಲೆ ಮಾತಾಡೂಣು.”

“ಸರಿ ಸರ್,” ಎಂದಳು.

ಭಾನುವಾರ ಬೆಳಿಗ್ಗೆ ‘ಆಯ್ತು ಸರ್’ ಎಂದು ಮೆಸೇಜ್ ಬಂತು. ಟ್ಯಾಂಕರ್ ಖಾಲಿಯಾಯಿತು ಎಂದು ತಿಳಿದು ಹೆಬ್ಬೆರಳಿನ ಚಿತ್ರ ಕಳಿಸಿದೆ. ಸಂಜೆಯ ವಿಮಾನಕ್ಕೆ ಸಿಡ್ನಿಗೆ ಹೊರಟೆ. ಮಂಗಳವಾರ ಅಲ್ಲಿನ ಆಫೀಸಿನಲ್ಲಿ ಬಾವಿಯ ಹಣೆಬರಹ ತೀರ್ಮಾನವಾಗುವುದಿತ್ತು. ನಾನು ಉಳಿದುಕೊಂಡದ್ದು ಸ್ಕೋಫೀಲ್ಡ್ಸ್‌ನಲ್ಲಿರುವ ದೊಡ್ಡಪ್ಪನ ಮಗಳ ಮನೆಯಲ್ಲಿ. ಅಲ್ಲಿಯ ಬೀದಿಗಳೆಲ್ಲ ಹೊಸವು, ಮನೆಗಳೆಲ್ಲ ಒಂದೇ ಥರ. ಅಕ್ಕನ ಮನೆ ಗೊತ್ತಾಗುವುದು ಬಾಗಿಲ ಮುಂದಿನ ಕುಂಡಗಳಿಂದ.

ಸೋಮವಾರ ಮೂರು ಗಂಟೆಗೆ ಅಳತೆ ಬಂತು. ತಳದಲ್ಲಿ ಎಪ್ಪತ್ತೊಂದು.

ನಾನು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದೆ. ಹತ್ತೇ ನಿಮಿಷಕ್ಕೆ ಸಿಡ್ನಿ ಆಫೀಸಿನ ಮ್ಯಾನೇಜರ್ ಫೋನ್ ಮಾಡಿದ. ಅವನಿಗೂ ಅದೇ ಪಟ್ಟಿ ಹೋಗಿತ್ತು. ಮುಚ್ಚುವ ತಂಡ ಮುಂದಿನ ಸೋಮವಾರ ಬಿಡುವಾಗಿದೆ, ಆಮೇಲೆ ಕ್ವೀನ್ಸ್‌ಲೆಂಡ್‌ಗೆ ಹೋಗುತ್ತದೆ, ನಾಳೆ ಮೀಟಿಂಗ್‌ನಲ್ಲಿ ಮುಚ್ಚುವ ತೀರ್ಮಾನ ಬರೆದುಬಿಡೋಣ ಎಂದ. ನಾನು ಹೂಂ ಎಂದೆ. ತಣ್ಣನೆಯ ಪೈಪಿನ ಮೇಲಿದ್ದ ಆ ಕೈ ಕಣ್ಣ ಮುಂದೆ ಬಂತು.

ಆಮೇಲೆ ಆಳಕ್ಕೆ ತಕ್ಕ ಹಾಗೆ ಬಿಸಿ ತೋರಿಸುವ ಇಡೀ ಗೆರೆಯನ್ನು ಮೇಲಿನಿಂದ ಕೆಳಗೆ ನೋಡಿದೆ. ಏನೋ ಸರಿಯಿರಲಿಲ್ಲ. ತಳ ಇರಬೇಕಾದದ್ದಕ್ಕಿಂತ ತಣ್ಣಗಿತ್ತು, ನಿಜ. ಆದರೆ ಬಾವಿಯ ಮೇಲಿನ ಭಾಗ ಇರಬೇಕಾದದ್ದಕ್ಕಿಂತ ಬೆಚ್ಚಗಿತ್ತು. ಆರು ದಿನ ನಿಂತ ನೀರು ಹೀಗಿರುವುದಿಲ್ಲ. ಯಾರೋ ತಳದ ಬಿಸಿಯನ್ನು ಹೊತ್ತು ಮೇಲೆ ತಂದು ಹಂಚಿದಂತಿತ್ತು. ನೀರು ಓಡಾಡದೆ ಇದು ಸಾಧ್ಯವಿಲ್ಲ. ಆದರೆ ಯಾರು ಓಡಾಡಿಸುತ್ತಾರೆ? ದಾಖಲೆಯಲ್ಲಿ ಆರೂ ದಿನ ಒಂದೇ ಮಾತು: ಚಟುವಟಿಕೆ ಇಲ್ಲ.

ಅಷ್ಟರಲ್ಲಿ ಅಕ್ಕ ಅಡಿಗೆಮನೆಯಿಂದ ಮಗಳಿಗೆ ಕೂಗಿದಳು. ಹುಡುಗಿ ಶಾಲೆಯಿಂದ ಬಂದು ಹಿತ್ತಲಲ್ಲಿ ಹೋಸ್ ಪೈಪ್ ಹಿಡಿದು ಆಡುತ್ತಿದ್ದಳು.

“ಏ, ಆ ಪೈಪ್ ಬಿಡು ಅಂದ್ನೆಲ್ಲ, ಎಷ್ಟ್ ಸಲ ಹೇಳ್ಬೇಕ ನಿನಗ!”

ಹುಡುಗಿ ಪೈಪನ್ನು ಎತ್ತಿ ಹಿಡಿದು ಕೇಳಿದಳು: “ಬಿಡು ಆಸ್ ಇನ್ ಟರ್ನ್ ಇಟ್ ಆನ್, ಆರ್ ಬಿಡು ಆಸ್ ಇನ್ ಲೀವ್ ಇಟ್, ಮಮ್?”

ಅಕ್ಕ ನಕ್ಕಳು. ನನಗೆ ಶನಿವಾರದ ನನ್ನ ಮಾತು ನೆನಪಾಯಿತು. ಎದ್ದು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಸೈಟಿಗೆ ಫೋನ್ ಮಾಡಿದೆ.

“ಶನಿವಾರ ಬಾವಿಗೆ ನೀರು ಬಿಟ್ಟಿಯೇನವಾ?”

“ಹೂಂ ಸರ್. ನೀವೇ ಅಂದ್ರಲ್ಲ, ನೀರು ಈಗ್ಲೇ ಬಿಡು, ಆಮೇಲೆ ಮಾತಾಡೋಣ ಅಂತ. ಟೆಸ್ಟ್ ಪ್ರಿಪೋನ್ ಮಾಡಿದ್ರಿ ಅನ್ಕೊಂಡೆ. ಫುಲ್ ಟೆಸ್ಟ್ ಮಾಡಿ ಭಾನುವಾರ ನಿಲ್ಸಿ ಮೆಸೇಜ್ ಹಾಕಿದ್ನಲ್ಲ?”

“ದಾಖಲೆದಾಗ ಯಾಕ ಬರದಿಲ್ಲ?”

“ಟೆಸ್ಟ್ ಫಾರ್ಮ್ ನಿಮ್ಮತ್ರ ಇದೆ ಸರ್, ನೀವೇ ತುಂಬ್ತೀರಾ ಅಂತ...” ಅವಳ ದನಿ ನಿಂತುಹೋಯಿತು. ಆಮೇಲೆ ಸಣ್ಣಗೆ ಕೇಳಿದಳು: “ಸರ್, ನೀವು ಬೇಡ ಅಂತ ಹೇಳಿದ್ದಾ?”

ಹೌದು ಎಂದೆ. ಅವಳು ಅಳಲು ಶುರು ಮಾಡಿದಳು. ತಪ್ಪು ನಿನ್ನದಲ್ಲ, ನೀರಿನ ಮಾತು ಬಂದಾಗ ಬಿಡು ಎಂದವನು ನಾನು ಎಂದೆ. ನಿಜವಾಗಿ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು; ಆದರೆ ಎಷ್ಟು ಯೋಚಿಸಿದರೂ ಅದಕ್ಕೊಂದು ಕಾರಣ ಸಿಗಲಿಲ್ಲ. ಆಮೇಲೆ ಕೇಳಬೇಕಾದ ಒಂದೇ ಪ್ರಶ್ನೆ ಕೇಳಿದೆ: ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ನಿಲ್ಲಿಸಿದ್ದು? ಪಂಪಿನ ಗೇಜಿನ ಫೋಟೊ ಎರಡೂ ಸಲ ತೆಗೆದಿದ್ದಳು. ಶನಿವಾರ ಮಧ್ಯಾಹ್ನ ಎರಡು ನಲವತ್ತರಿಂದ ಭಾನುವಾರ ಬೆಳಿಗ್ಗೆ ಹತ್ತು ನಲವತ್ತರವರೆಗೆ. ಸರಿಯಾಗಿ ಇಪ್ಪತ್ತು ಗಂಟೆ.

ಮರುದಿನ ಬೆಳಿಗ್ಗೆ ಸ್ಕೋಫೀಲ್ಡ್ಸ್‌ನಲ್ಲಿ ರೈಲು ಹತ್ತಿದಾಗ ನನ್ನ ತಲೆಯಲ್ಲಿ ಎರಡು ಭಾಷಣಗಳು ಸಿದ್ಧವಾಗಿದ್ದವು. ಮೊದಲನೆಯದು: ಗೆರೆ ಅನುಮಾನಾಸ್ಪದವಾಗಿದೆ, ಇನ್ನೊಮ್ಮೆ ಅಳೆಯೋಣ. ಇದರಲ್ಲಿ ಸುಳ್ಳಿಲ್ಲ, ಬರೀ ಮೌನ ಇದೆ. ಎರಡನೆಯದು: ಹೊರಗಿನ ಕಂಪನಿಯವರಿಂದ ಸಂವಹನದ ದೋಷವಾಗಿದೆ. ಇದರಲ್ಲೂ ಸುಳ್ಳಿಲ್ಲ, ಆದರೆ ಸಂಜೆಯೊಳಗೆ ಅವಳ ಕೆಲಸ ಹೋಗುತ್ತಿತ್ತು. ದಾಖಲೆಯಿಲ್ಲದೆ ಬಾವಿಯನ್ನು ಮುಟ್ಟುವುದು ನಮ್ಮಲ್ಲಿ ದೊಡ್ಡ ಅಪರಾಧ. ರೈಲಿನ ಕಿಟಕಿಯಾಚೆ ಹೆಂಚಿನ ಮಾಡುಗಳು, ಬೇಲಿಗಳು, ಒಣಹಾಕಿದ ಬಟ್ಟೆಗಳು ತೇಲಿಹೋಗುತ್ತಿದ್ದವು. ಎರಡು ಕಿಲೋಮೀಟರ್ ಕೆಳಗೆ ಕತ್ತಲಲ್ಲಿ ಆ ನೀರು ಯಾರ ಮಾತಿನ ಹಂಗೂ ಇಲ್ಲದೆ ಮೆಲ್ಲಗೆ ಬೆಚ್ಚಗಾಗುತ್ತಿರಬಹುದು ಎಂದುಕೊಂಡೆ.

ಪೆಂಡಲ್ ಹಿಲ್‌ನಲ್ಲಿ ಸುಮ್ಮನೆ ಇಳಿದುಬಿಟ್ಟೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ಹಬೆಯಾಡುತ್ತಿತ್ತು. ಕಾಫಿ ತೆಗೆದುಕೊಂಡು ಹೊರಗೆ ನಿಂತೆ. ಯೋಚಿಸಿದ್ದು ಅವಳ ಬಗ್ಗೆಯೂ ಅಲ್ಲ, ನನ್ನ ಮಾನದ ಬಗ್ಗೆಯೂ ಅಲ್ಲ, ಲೆಕ್ಕದ ಬಗ್ಗೆ. ಬಾವಿಗೆ ಎಷ್ಟು ಹೊತ್ತು ತಣ್ಣೀರು ಹರಿಯಿತು, ನಿಂತು ಎಷ್ಟು ಹೊತ್ತಾಯಿತು ಎಂಬುದು ಖಚಿತವಾಗಿ ಗೊತ್ತಿದ್ದರೆ, ಅದು ಮತ್ತೆ ಬಿಸಿಯಾಗುವ ವೇಗವನ್ನು ನೋಡಿ, ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೇಳಲು ಬರುತ್ತದೆ. ಅವಳ ಆ ಇಪ್ಪತ್ತು ಗಂಟೆ ಇಲ್ಲದೆ ಲೆಕ್ಕವೇ ಇಲ್ಲ. ಮುಚ್ಚಿಟ್ಟರೆ ಮುಚ್ಚಿಹೋಗುವುದು ಬಾವಿ. ಕಾಫಿ ಮುಗಿಯುವಷ್ಟರಲ್ಲಿ ಎರಡು ಭಾಷಣಗಳನ್ನೂ ಕೈಬಿಟ್ಟಿದ್ದೆ.

ಮೀಟಿಂಗ್‌ನಲ್ಲಿ ಐದು ಜನ, ಗೋಡೆಯ ಪರದೆಯ ಮೇಲೆ ಒಡತಿ. ಅವರ ಹಿಂದೆ ಖಾಲಿ ಗಾಜಿನಮನೆ ಕಾಣುತ್ತಿತ್ತು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನೀರು ಬಿಡು ಎಂದರೆ ನೀರು ಹರಿಸು. ಬರೀ ಬಿಡು ಎಂದರೆ ಅದರ ಸುದ್ದಿಗೆ ಹೋಗಬೇಡ. ನಾನು ಎರಡನೆಯದನ್ನು ಹೇಳಿದೆ, ಅವಳಿಗೆ ಮೊದಲನೆಯದು ಕೇಳಿಸಿತು.

ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಹರಿಸು, ಮುಟ್ಟಬೇಡ, ಎರಡಕ್ಕೂ ಒಂದೇ ಶಬ್ದವೇ? ನೀವೆಲ್ಲ ಹೇಗೆ ಬದುಕುತ್ತೀರಿ?”

“ಎದುರಿಗಿದ್ದಾಗ ಕೈ ನೋಡುತ್ತೇವೆ,” ಎಂದೆ.

ಯಾರೋ ನಕ್ಕರು, ಮ್ಯಾನೇಜರ್ ನಗಲಿಲ್ಲ. ಪರದೆಯ ಮೇಲಿಂದ ಒಡತಿ ಕೇಳಿದರು: “ಹಾಗಾದರೆ ನನ್ನ ಬಾವಿ ಬಿಸಿ ಇದೆಯೋ ಇಲ್ಲವೋ?”

“ಗೊತ್ತಿಲ್ಲ. ನಾನು ಅದನ್ನು ಕೆಡಿಸಿದ್ದೇನೆ. ಭಾನುವಾರದವರೆಗೆ ಯಾರೂ ಮುಟ್ಟದಿದ್ದರೆ ಹೇಳಬಲ್ಲೆ. ಇಲ್ಲ ಅಂತಲೇ ಹೇಳಬೇಕಾಗಬಹುದು.”

ಅವರು ತಲೆಯಾಡಿಸಿದರು, ಅಷ್ಟೆ. ಮ್ಯಾನೇಜರ್ ಭಾನುವಾರದವರೆಗೆ ಸಮಯ ಕೊಟ್ಟ. ಮುಚ್ಚುವ ತಂಡ ಸೋಮವಾರಕ್ಕೆ ಬುಕ್ ಆಗಿಯೇ ಇರುತ್ತದೆ ಎಂದ. ಬಾವಿಯ ಜವಾಬ್ದಾರಿಯನ್ನು ನನ್ನಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟ. ಇನ್ನು ಮುಂದೆ ಸೈಟಿನ ಎಲ್ಲ ಆದೇಶಗಳೂ ಇಂಗ್ಲಿಷಿನಲ್ಲಿ, ಬರವಣಿಗೆಯಲ್ಲಿ ಇರಬೇಕೆಂದ. ತುಮಕೂರಿನವಳ ಹೆಸರು ತಪ್ಪಿನ ವರದಿಯಲ್ಲಿ ಬರಲಿಲ್ಲ. ಅದೊಂದನ್ನು ನಾನು ಕೇಳಿ ಪಡೆದೆ.

ಆಮೇಲಿನ ದಿನಗಳು ಕನಸಿನಂತಿದ್ದವು. ನಾನು ಸೈಟಿಗೆ ಹೋಗಬಹುದಿತ್ತು, ಆದೇಶ ಕೊಡುವಂತಿರಲಿಲ್ಲ. ಬೇಲಿಯ ಪಕ್ಕ ಕುರ್ಚಿ ಹಾಕಿ ಕೂರುತ್ತಿದ್ದೆ. ಮಂಜು ಹತ್ತು ಗಂಟೆಯವರೆಗೂ ಕರಗುತ್ತಿರಲಿಲ್ಲ. ಹಸುಗಳು ಅದರೊಳಗಿಂದ ಬಂದು, ಬಾವಿಯ ಉಕ್ಕಿನ ತಲೆಯನ್ನು ಮೂಸಿ ನೋಡಿ, ಅದರೊಳಗೇ ಹೋಗುತ್ತಿದ್ದವು. ನಮ್ಮ ಕಡೆ ಮೊದಲೆಲ್ಲ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ತೆರೆದ ದಿನ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಒಳಗಿನ ಕಾವು, ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಕಾಯುತ್ತಿದ್ದರು. ಅಜ್ಜಿ ಹಗೇವಿನ ಬಾಯಿಗೆ ಅಂಗೈ ಹಿಡಿದು ‘ಇನ್ನೂ ಇಲ್ಲ’ ಎನ್ನುತ್ತಿದ್ದಳು. ನನ್ನ ಕಾಯುವಿಕೆ ಅದರ ತಿರುವು ಮುರುವು. ಇಲ್ಲಿ ಕಾವು ಹೋಗಲಿ ಎಂದಲ್ಲ, ಬರಲಿ ಎಂದು. ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಕೆಳಗೆ ಕಲ್ಲು ನೀರಿನ ಮೇಲೆ ಕೋಳಿಯ ಹಾಗೆ ಕಾವಿಗೆ ಕೂತಿರುವಂತೆ ಅರೆನಿದ್ದೆಯಲ್ಲಿ ಅನಿಸುತ್ತಿತ್ತು.

ಬುಧವಾರ ತಾಪಮಾಪಕ ಇಳಿಯಿತು. ಎಪ್ಪತ್ತೇಳೂವರೆ. ತುಮಕೂರಿನವಳು ಹೊಸ ನಿಯಮದಂತೆ ಇಂಗ್ಲಿಷಿನಲ್ಲಿ ಸಂಖ್ಯೆ ಓದಿ, ಬರೆದು, ಸಹಿ ಹಾಕಿ, ನನ್ನ ಹತ್ತಿರ ಬಂದು ಮೆಲ್ಲಗೆ, “ಏರ್ತಾ ಇದೆ ಸರ್,” ಎಂದಳು. ಶುಕ್ರವಾರ ಎಪ್ಪತ್ತೊಂಬತ್ತು ಪಾಯಿಂಟ್ ಒಂದು. ಏರಿಕೆ ನಿಧಾನವಾಗುತ್ತಿತ್ತು, ಹಾಗೇ ಆಗಬೇಕು. ಭಾನುವಾರ ಕೇಬಲ್ ಇಳಿಯುವಾಗ ಒಡತಿಯೂ ಬಂದು ಬೇಲಿಯ ಹತ್ತಿರ ನಿಂತಿದ್ದರು. ಎಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು.

“ಎಂಬತ್ತಲ್ಲ,” ಎಂದರು ಅವರು.

“ಅಲ್ಲ. ಆದರೆ ಇನ್ನೂ ನಿಂತಿಲ್ಲ. ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಬೇಕು.”

ಅವರು ಗಾಜಿನಮನೆಯ ಕಡೆ ಹೋದರು. ನಾನು ಮತ್ತು ಅವಳು ಸೈಟಿನ ಕೋಣೆಯಲ್ಲಿ ಕೂತು ನಾಲ್ಕು ಚುಕ್ಕೆ ಇಟ್ಟೆವು. ನಿಂತ ಹೊತ್ತನ್ನು ಆ ಇಪ್ಪತ್ತು ಗಂಟೆಯೊಂದಿಗೆ ಹೋಲಿಸಿ ಚುಕ್ಕೆ ಇಟ್ಟರೆ ನಿಧಾನವಾಗುವ ಏರಿಕೆಯೂ ನೇರ ಗೆರೆಯಾಗುತ್ತದೆ; ನಾಲ್ಕೂ ಒಂದೇ ಗೆರೆಯ ಮೇಲೆ ಬಿದ್ದವು. ಸ್ಕೇಲ್ ಇಟ್ಟು ಗೆರೆಯನ್ನು ಕೊನೆಯವರೆಗೆ ಎಳೆದಾಗ ಅದು ಎಂಬತ್ತೆರಡರ ಹತ್ತಿರ ಮುಟ್ಟಿತು. ನಮ್ಮ ಉತ್ತರ ಬರೆಯದೆ ಬರೀ ಅಳತೆಗಳನ್ನೂ, ಎರಡು ಫೋಟೊಗಳನ್ನೂ ಸಿಡ್ನಿಗೆ ಕಳಿಸಿದೆ. ಅಲ್ಲಿ ಬೇರೆಯವರು ಬೇರೆಯಾಗಿ ಲೆಕ್ಕ ಹಾಕಬೇಕೆಂದು ನಾನೇ ಕೇಳಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಮ್ಯಾನೇಜರ್ ಫೋನ್ ಮಾಡಿದ. “ನಮಗೂ ಎಂಬತ್ತೆರಡೇ ಬಂತು. ಮುಚ್ಚುವವರಿಗೆ ಬೇಡ ಎಂದಿದ್ದೇನೆ.” ಆಮೇಲೆ, “ಆ ತಪ್ಪು ಪರೀಕ್ಷೆಯಿಂದ ಕಲ್ಲು ಎಷ್ಟು ಬೇಗ ಬಿಸಿ ಕೊಡುತ್ತದೆ ಅನ್ನುವುದೂ ಗೊತ್ತಾಯಿತು. ಆದರೂ ಅದು ತಪ್ಪೇ,” ಎಂದ. ಒಪ್ಪಿದೆ. ಬಾವಿ ನನಗೆ ವಾಪಸ್ ಬರಲಿಲ್ಲ. ಕೇಳಲೂ ಇಲ್ಲ.

ಒಡತಿಗೆ ನಾನೇ ಹೋಗಿ ಹೇಳುತ್ತೇನೆ ಎಂದು ಹೊರಟೆ. ಗಾಜಿನಮನೆಯ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಖಾಲಿಯಿದ್ದ ಮೇಜುಗಳ ತುಂಬ ಸಸಿ ಟ್ರೇಗಳು. ಒದ್ದೆ ಮಣ್ಣಿನ ವಾಸನೆ. ನಾಲ್ಕು ಸಾಲುಗಳಿಗೆ ಬೀಜ ಹಾಕಿಯೂ ಆಗಿತ್ತು. ಅವರು ಐದನೆಯ ಸಾಲಿನಲ್ಲಿದ್ದರು.

ಎಂಬತ್ತೆರಡು ಎಂದೆ. “ಒಳ್ಳೆಯದು,” ಎಂದು ಬೀಜ ಹಾಕುತ್ತಲೇ ಇದ್ದರು.

“ಇವೆಲ್ಲ ಯಾವಾಗ ಬಂದವು?”

“ಶುಕ್ರವಾರ. ಆರ್ಡರ್ ಮಾಡಿದ್ದು ಮಂಗಳವಾರ. ನಿಮ್ಮ ಮೀಟಿಂಗ್ ಮುಗಿದ ಕೂಡಲೇ.”

“ಮಂಗಳವಾರ ನನಗೇ ಏನೂ ಗೊತ್ತಿರಲಿಲ್ಲ. ಬಾವಿ ತಣ್ಣಗಿದ್ದಿದ್ದರೆ ಇಷ್ಟನ್ನೂ ಎಸೆಯಬೇಕಾಗುತ್ತಿತ್ತು.”

ಅವರು ಕೈಯ ಮಣ್ಣು ಕೊಡವಿಕೊಂಡು ನನ್ನ ಕಡೆ ತಿರುಗಿದರು. “ಬಾಯ್ಲರ್ ಮಾರಿದವನು ಎಲ್ಲ ಸರಿಯಿದೆ ಅಂದ. ರಿಪೇರಿಗೆ ಬಂದ ಮೂವರೂ ಎಲ್ಲ ಸರಿಯಿದೆ ಅಂದರು. ನೀನು ಅಷ್ಟು ಜನರ ಮುಂದೆ ಕೂತು, ನಾನೇ ಕೆಡಿಸಿದೆ, ಗೊತ್ತಿಲ್ಲ ಅಂದೆ. ತಣ್ಣಗಿದ್ದಿದ್ದರೆ ಅದನ್ನೂ ನೀನೇ ಬಂದು ಹೇಳುತ್ತಿದ್ದೆ. ಆಗ ಇವನ್ನು ಊರವರಿಗೆ ಹಂಚುತ್ತಿದ್ದೆ.”

ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಪಕ್ಕದಲ್ಲಿದ್ದ ದೊಡ್ಡ ಟ್ರೇಯ ಒಂದು ತುದಿಯನ್ನು ಎತ್ತಿ, ಇನ್ನೊಂದು ತುದಿಯನ್ನು ಗದ್ದದಿಂದ ತೋರಿಸಿದರು. ನಾನು ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ಪೈಪುಗಳ ಹತ್ತಿರದ ಮೇಜಿಗೆ ಒಯ್ದೆವು.